ಕತೆ ಕಟ್ಟಬೇಡಿ, ಕೇಳಿ ಹೆಕ್ಕಿ: ಕೆಲಸದ ಜಾಗದಲ್ಲಿ ಕತೆ ಹೇಳಲು ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ಕೈಗಾರಿಕಾ ಪ್ರದೇಶ ಪೀಣ್ಯದ ಯಾವ ಶೆಡ್ಡಿಗೆ ಹೋದರೂ ದಿನಕ್ಕೊಮ್ಮೆಯಾದರೂ ಕಿವಿಗೆ ಬೀಳುವ ಮಾತು: "ಕತೆ ಹೇಳ್ಬೇಡ, ಕೆಲ್ಸ ಮಾಡು." ನಮ್ಮ ಆಡುಮಾತಿನಲ್ಲಿ ಕತೆ ಅಂದರೆ ನೆಪ. ಕತೆ ಕಟ್ಟಿದ ಅಂದರೆ ಸುಳ್ಳು ಹೇಳಿದ. ಪುರಾಣ ಶುರುಮಾಡಿದ ಅಂದರೆ ತಲೆ ತಿಂದ. ಹೀಗಿರುವಾಗ ಸೋಮವಾರ ಬೆಳಿಗ್ಗೆ ಎಚ್‌ಆರ್‌ನವರು ಮೈಕ್ ಹಿಡಿದು "ಇವತ್ತು ನಿಮಗೊಂದು ಕತೆ ಹೇಳ್ತೀನಿ" ಅಂದರೆ, ಎದುರಿಗೆ ನಿಂತ 80 ಜನರ ಮನಸ್ಸು ಆ ಕ್ಷಣವೇ ಬೇರೆ ಕಡೆ ಹೋಗುತ್ತದೆ.

ಅದೇ ಜನ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಡಬ್ಬಿ ಬಿಚ್ಚಿ ಕೂತಾಗ ಹಂಚಿಕೊಳ್ಳುವುದೆಲ್ಲ ಕತೆಯೇ. ಯಾರು ಹೊಲಿದ ಬಟ್ಟೆಯ ಬಂಡಲ್ ವಾಪಸ್ ಬಂತು, ಯಾರಿಗೆ ರಜೆ ಸಿಗಲಿಲ್ಲ, ಹೊಸ ಸೂಪರ್‌ವೈಸರ್ ಮೊದಲ ದಿನ ಏನಂದ. ಈ ಸಂಸ್ಥೆ ಎಂಥದ್ದು ಅನ್ನುವುದನ್ನು ಹೊಸಬರು ಕಲಿಯುವುದು ಅಲ್ಲಿ. ಹಾಗಾಗಿ ಅಲ್ಲಿನವರ ಅನುಭವ ಹೆಕ್ಕಿ ಅವರಿಗೇ ಹೇಳುವ ಈ ಕೆಲಸದಲ್ಲಿ ಮುಕ್ಕಾಲು ಪಾಲು ಕೇಳುವುದು, ಕಾಲು ಪಾಲು ಹೇಳುವುದು. ಈ ಲೆಕ್ಕ ತಲೆಕೆಳಗಾದ ಕಡೆ ಎರಡು ತಿಂಗಳು ಉತ್ಸಾಹ ಇರುತ್ತದೆ, ಆಮೇಲೆ ಯಾರೂ ಕೇಳುವುದಿಲ್ಲ.

ಇಲ್ಲಿ ಹೇಳುವ ಕ್ರಮ 50ರಿಂದ 500 ಜನರಿರುವ ಘಟಕಕ್ಕೆ ಒಗ್ಗುತ್ತದೆ. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಇರಲಿ, ಪೀಣ್ಯದ ಮೆಷಿನ್ ಶಾಪ್ ಇರಲಿ, ಹೊರವರ್ತುಲ ರಸ್ತೆಯ ಸಾಫ್ಟ್‌ವೇರ್ ಕಚೇರಿ ಇರಲಿ, ಮೊದಲ ಸುತ್ತಿಗೆ 6 ವಾರ ಇಟ್ಟುಕೊಳ್ಳಿ. ಖರ್ಚು ದೊಡ್ಡದೇನಲ್ಲ. ಒಂದು ನೋಟ್‌ಬುಕ್, ಒಂದು ರಿಜಿಸ್ಟರ್, ಸಂಬಳ ಸಹಿತ ಬಿಡುವು ಕೊಟ್ಟ ಕೆಲವು ಗಂಟೆಗಳು, ಅಷ್ಟೇ.

ಯಾತಕ್ಕೆ ಅನ್ನುವುದನ್ನು ಮೊದಲು ಬರೆಯಿರಿ

"ಉದ್ಯೋಗಿಗಳಲ್ಲಿ ಉತ್ಸಾಹ ತುಂಬಬೇಕು" ಅಂತ ಹೊರಟರೆ ಯಾವ ಕತೆಯೂ ಸಾಲದು. ಕಣ್ಣಿಗೆ ಕಾಣುವ ಒಂದೇ ಒಂದು ನಡವಳಿಕೆಯನ್ನು ಆರಿಸಿ, ಒಂದು ಸಾಲಿನಲ್ಲಿ ಬರೆದಿಡಿ. ಸೂಜಿ ಮುರಿದರೆ ಮುಚ್ಚಿಡದೆ ಹೇಳಬೇಕು. ಡ್ರಾಯಿಂಗ್ ಅರ್ಥವಾಗದಿದ್ದರೆ ಜಾಬನ್ನು (ಕೆಲಸ ಮಾಡಬೇಕಾದ ತುಂಡನ್ನು) ಮೆಷಿನ್ನಿಗೆ ಹತ್ತಿಸುವ ಮೊದಲೇ ಕೇಳಬೇಕು. ಕೈ ಕಾಯುವ ಗಾರ್ಡ್ ಬಿಚ್ಚಿದ ಪ್ರೆಸ್ ಮೆಷಿನ್ ಓಡಿಸಬಾರದು. ಈ ಅಳತೆಯ ವಾಕ್ಯ ಬೇಕು.

ಬರೆದಾದ ಮೇಲೆ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ಜನ ಹಾಗೆ ಮಾಡದಂತೆ ತಡೆಯುತ್ತಿರುವುದು ನಮ್ಮದೇ ನಿಯಮವೇ? ಶೌಚಾಲಯಕ್ಕೆ ಹೋದವರನ್ನು ಗಡಿಯಾರ ಹಿಡಿದು ಕಾಯುವ ಕಡೆ "ನಾವೆಲ್ಲ ಒಂದೇ ಕುಟುಂಬ" ಅನ್ನುವ ಕತೆ ಹೇಳಿದರೆ ಗಾಯಕ್ಕೆ ಉಪ್ಪು ಸವರಿದಂತೆ. ಓಟಿ (ಹೆಚ್ಚುವರಿ ಗಂಟೆಯ) ಹಣ ಬಾಕಿ ಇದ್ದರೆ, ಸಂಬಳ ತಡವಾಗಿದ್ದರೆ, ಮೊದಲು ಅದನ್ನು ಇತ್ಯರ್ಥ ಮಾಡಿ. ಆ ವಾರ ಯಾವ ಕತೆಯೂ ಬೇಡ.

ಕೇಳುವ ಎರಡು ವಾರ

12 ಜನ, ತಲಾ 20 ನಿಮಿಷ. ಹತ್ತು ವರ್ಷ ದಾಟಿದವರು 4, ಬಂದು ಆರು ತಿಂಗಳೊಳಗಿನವರು 4, ಸೂಪರ್‌ವೈಸರ್‌ಗಳು 2. ಉಳಿದ ಇಬ್ಬರು ಸೆಕ್ಯೂರಿಟಿ, ಹೌಸ್‌ಕೀಪಿಂಗ್, ಸ್ಟೋರ್, ಕ್ಯಾಂಟೀನಿನವರಲ್ಲಿ ಯಾರಾದರೂ ಆಗಲಿ. ಈ ಕೊನೆಯ ಇಬ್ಬರನ್ನು ಬಿಡಬೇಡಿ. ರಾತ್ರಿ ಪಾಳಿಯಲ್ಲಿ ಏನು ನಡೆಯುತ್ತದೆ, ಸ್ಕ್ರ್ಯಾಪ್ ಡಬ್ಬಿಗೆ ಏನು ಬೀಳುತ್ತದೆ ಅನ್ನುವುದು ಮ್ಯಾನೇಜರ್‌ಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಕೇಳುವವರು ಅವರ ಮೇಲಧಿಕಾರಿ ಆಗಿರಬಾರದು, ಬೇರೆ ವಿಭಾಗದವರಾಗಿರಲಿ. ಮಾತುಕತೆ ಪಾಳಿಯ ಒಳಗೇ ನಡೆಯಲಿ, ಆ 20 ನಿಮಿಷದ ಟಾರ್ಗೆಟ್ ಕಳೆದುಬಿಡಿ. ಪಾಳಿ ಮುಗಿದ ಮೇಲೆ ಕೂರಿಸಿದರೆ ಅವರ ಕಣ್ಣು ಗೇಟಿನ ಕಡೆಯೇ ಇರುತ್ತದೆ. ಕಂಪನಿ ಬಸ್ ತಪ್ಪಿದರೆ ಈ ಊರಿನ ಟ್ರಾಫಿಕ್ಕಿನಲ್ಲಿ ಮನೆ ಸೇರುವುದು ಎರಡು ಗಂಟೆ ತಡ. ಎಚ್‌ಆರ್ ಕ್ಯಾಬಿನ್ ಬೇಡವೇ ಬೇಡ, ಆ ಬಾಗಿಲ ಒಳಗೆ ಕರೆದರು ಅಂದರೆ ಏನೋ ಗ್ರಹಚಾರ ಅಂತಲೇ ಅರ್ಥ. ಕ್ಯಾಂಟೀನಿನ ಮೂಲೆ, ಇಬ್ಬರ ಮುಂದೆಯೂ ಚಹಾ. ರೆಕಾರ್ಡಿಂಗ್‌ಗೆ ಒಪ್ಪಿಗೆ ಕೇಳಿ, ಅಳುಕಿದರೆ ಫೋನ್ ಜೇಬಿಗಿಟ್ಟು ನೋಟ್‌ಬುಕ್ ತೆಗೆಯಿರಿ. ಅವತ್ತೇ ಕೂತು ಪೂರ್ತಿ ಬರೆದುಕೊಳ್ಳಿ. ಮಾರನೆಯ ದಿನಕ್ಕೆ ವಿಷಯ ನೆನಪಿರುತ್ತದೆ, ಅವರು ಆಡಿದ ಮಾತು ಮರೆತಿರುತ್ತದೆ.

"ಕಂಪನಿ ಬಗ್ಗೆ ನಿಮ್ಮ ಅನಿಸಿಕೆ ಏನು?" ಅಂತ ಕೇಳಿದರೆ "ಚೆನ್ನಾಗಿದೆ ಸಾರ್" ಅನ್ನುವ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು. ಬಾಯಿ ಬಿಡಿಸುವ ಪ್ರಶ್ನೆಗಳು ಬೇರೆ:

- ಬಂದ ಮೊದಲ ವಾರ ಕೆಲಸ ಹೇಳಿಕೊಟ್ಟವರು ಯಾರು? ಏನಂದಿದ್ದರು?
- ಈ ವರ್ಷ ಕೈ ನಡುಗಿದ ದಿನ ಯಾವುದು?
- ಇಲ್ಲಿನ ಯಾವ ವಿಷಯವನ್ನು ಮನೆಗೆ ಹೋಗಿ ಹೇಳಿಕೊಂಡಿದ್ದೀರಿ?
- ರೂಲ್ಸ್ ಒಂದು, ನಡೆಯೋದು ಇನ್ನೊಂದು ಅನ್ನೋದು ಎಲ್ಲಿ?

ಉತ್ತರ ಬಂದ ಮೇಲೆ ಮೂರು ಮರುಪ್ರಶ್ನೆ ಹಾಕಿ. ಆಗ ಗಂಟೆ ಎಷ್ಟಾಗಿತ್ತು? ಪಕ್ಕದಲ್ಲಿ ಯಾರಿದ್ದರು? ಅವರಂದದ್ದನ್ನು ಅವರ ಮಾತಿನಲ್ಲೇ ಹೇಳಿ. ಆಮೇಲೆ ಸುಮ್ಮನಿರಿ. ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಕೇಳುವವರು ಗಾಬರಿಬಿದ್ದು ಮುಂದಿನ ಪ್ರಶ್ನೆಗೆ ಹಾರಿಬಿಡುತ್ತಾರೆ, ಅಸಲಿ ಸಂಗತಿ ಆ ಮೌನದ ಆಚೆ ಇರುತ್ತದೆ.

12 ಮಾತುಕತೆಯಲ್ಲಿ ಮೂರೋ ನಾಲ್ಕೋ ಗಟ್ಟಿ ಕತೆ ಸಿಕ್ಕರೆ ಅದು ಒಳ್ಳೆಯ ಫಸಲು.

ಯಾವುದು ಕತೆ, ಯಾವುದು ಹೊಗಳಿಕೆ

ಸಿಕ್ಕಿದ್ದನ್ನು ಹೀಗೆ ಜರಡಿ ಹಿಡಿಯಿರಿ. ಗಡಿಯಾರ ನೋಡಿ ಹೇಳಬಹುದಾದ ಒಂದು ಗಳಿಗೆ ಇದೆಯೇ? ಆ ಗಳಿಗೆಯಲ್ಲಿ ಎರಡು ದಾರಿ ಇದ್ದವೇ, ಸುಲಭದ್ದು ಒಂದು, ಸರಿಯಾದದ್ದು ಇನ್ನೊಂದು? ಸರಿಯಾದದ್ದನ್ನು ಹಿಡಿದವರ ಕೈಯಿಂದ ಏನಾದರೂ ಹೋಯಿತೇ? ಕೊನೆಗೆ, ಸಂಸ್ಥೆ ಅದಕ್ಕೆ ಏನು ಮಾಡಿತು? "ಇಪ್ಪತ್ತು ವರ್ಷ ನಿಷ್ಠೆಯಿಂದ ದುಡಿದರು" ಎನ್ನುವುದರಲ್ಲಿ ಇದ್ಯಾವುದೂ ಇಲ್ಲ. ಅದು ಸನ್ಮಾನದ ಮಾತು. ಶಾಲು ಹೊದಿಸುವಾಗ ಹೇಳಿ.

ಸಂಸ್ಥೆ ಹುಟ್ಟಿದ ಕತೆಗೂ ಇದೇ ಜರಡಿ. ಸ್ಥಾಪಕರ ದೂರದೃಷ್ಟಿಯಿಂದ ಶುರುವಾದ ಕತೆ ಯಾರ ತಲೆಯಲ್ಲೂ ನಿಲ್ಲುವುದಿಲ್ಲ, ಅಡಚಣೆಯಿಂದ ಶುರುವಾದದ್ದು ನಿಲ್ಲುತ್ತದೆ. ಮೈಸೂರು ಸ್ಯಾಂಡಲ್ ಸಾಬೂನಿನ ಕತೆ ಇಷ್ಟು ವರ್ಷವಾದರೂ ಜನರ ಬಾಯಲ್ಲಿ ಉಳಿದಿರುವುದು ಯಾಕೆ? ಮೊದಲ ಮಹಾಯುದ್ಧ ಬಂದು ಯುರೋಪಿಗೆ ಹೋಗುತ್ತಿದ್ದ ಶ್ರೀಗಂಧ ನಿಂತಿತು, ಮರ ರಾಶಿ ಬಿತ್ತು. ಇದನ್ನು ಇಟ್ಟುಕೊಂಡು ಏನು ಮಾಡುವುದು ಅನ್ನುವ ಪ್ರಶ್ನೆಗೆ ಉತ್ತರವಾಗಿ 1916ರಲ್ಲಿ ಎಣ್ಣೆ ತೆಗೆಯುವ ಕೆಲಸ ಇಲ್ಲೇ ಶುರುವಾಯಿತು, ಅದರ ಬೆನ್ನಿಗೆ ಸಾಬೂನು ಬಂತು. ಬೆಂಗಳೂರಿನ ಎಂಟಿಆರ್ ಹೋಟೆಲಿನವರು ಹೇಳುವ ರವೆ ಇಡ್ಲಿಯ ಕತೆಯೂ ಹಾಗೆಯೇ: ಎರಡನೇ ಮಹಾಯುದ್ಧದ ಕಾಲ, ಅಕ್ಕಿ ಸಿಗದು, ಆದರೆ ಇಡ್ಲಿ ಬೇಕು. ಎರಡರಲ್ಲೂ ಕೈಕಟ್ಟಿದ ಪರಿಸ್ಥಿತಿ ಮೊದಲು ಬರುತ್ತದೆ, ಗೆಲುವು ಆಮೇಲೆ. ನಿಮ್ಮ ಸಂಸ್ಥೆಯ ಹಳೆಯ ಕಡತದಲ್ಲೂ ಇಂಥ ಒಂದು ಇಕ್ಕಟ್ಟು ಇರುತ್ತದೆ, ಅದನ್ನು ಹುಡುಕಿ.

ಒಂದು ಎಚ್ಚರಿಕೆ, ಇದು ಬಹಳ ಮುಖ್ಯ. ಚಪ್ಪಾಳೆ ಯಾವುದಕ್ಕೆ ಬೀಳುತ್ತದೋ ಜನ ಅದನ್ನೇ ಕಲಿಯುತ್ತಾರೆ. ಜ್ವರ ಇದ್ದರೂ ಬಂದು ಶಿಪ್‌ಮೆಂಟ್ ಮುಗಿಸಿದವರು, ಪ್ರೆಸ್ ನಿಲ್ಲಿಸದೆ ಕೈ ಹಾಕಿ ಸಿಕ್ಕಿಕೊಂಡ ಜಾಬ್ ತೆಗೆದವರು, ಎರಡು ರಾತ್ರಿ ನಿದ್ದೆ ಬಿಟ್ಟು ಸರ್ವರ್ ಎಬ್ಬಿಸಿದವರು: ಇಂಥವರ ಕತೆ ಕೇಳಲು ರೋಮಾಂಚನ. ಮಾರನೆಯ ವಾರ 22 ವರ್ಷದ ಹೊಸ ಹುಡುಗ ಅದನ್ನೇ ಮಾಡಲು ಹೋಗಿ ಬೆರಳು ಕಳೆದುಕೊಳ್ಳುತ್ತಾನೆ. ಇವನ್ನು ಎಷ್ಟೇ ಚೆನ್ನಾಗಿದ್ದರೂ ಕೈಬಿಡಿ.

ಒಂದು ಕತೆ, ಹತ್ತಿರದಿಂದ

ಮಾದರಿಗಾಗಿ ಹೆಣೆದ ಒಂದು ಪ್ರಸಂಗ ನೋಡಿ. ಗಾರ್ಮೆಂಟ್ಸ್ ಫ್ಯಾಕ್ಟರಿಗಳಲ್ಲಿ ಸೂಜಿ ಮುರಿದರೆ ಎಲ್ಲ ಚೂರೂ ಸಿಗಬೇಕು. ಜೋಡಿಸಿ ರಿಜಿಸ್ಟರ್‌ನಲ್ಲಿ ಅಂಟಿಸಬೇಕು. ಹಳೆಯದು ಕೊಟ್ಟರೆ ಮಾತ್ರ ಹೊಸ ಸೂಜಿ. ಚೂರು ಸಿಗದಿದ್ದರೆ ಆ ಬಂಡಲ್ ಬೇರೆಯಿಟ್ಟು ಮೆಟಲ್ ಡಿಟೆಕ್ಟರ್‌ಗೆ ಹಾಕಬೇಕು. ಗಂಟೆ ಗಂಟೆಗೂ ಬೋರ್ಡಿನಲ್ಲಿ ಪೀಸಿನ ಲೆಕ್ಕ ಬರೆಯುವ ಜಾಗದಲ್ಲಿ ಈ ನಿಯಮ ಪಾಲಿಸುವುದು ಎಷ್ಟು ಕಷ್ಟ ಅಂತ ಹೊಲಿಯುವವರಿಗೇ ಗೊತ್ತು.

ಕಾಲರ್ ಹೊಲಿಯುವ ಟೇಲರ್ ಮೊದಲು ಹೇಳಿದ್ದು ಇಷ್ಟೇ ಅಂದುಕೊಳ್ಳಿ: "ಸೂಜಿ ಮುರೀತು. ತುದಿ ಸಿಗ್ಲಿಲ್ಲ. ಹೇಳ್ದೆ. ಹುಡುಕಿದ್ರು, ಸಿಕ್ತು."

ಇದು ಆಫೀಸಿಗೆ ಹೋಗಿ ಬಂದರೆ ಹೀಗಾಗುತ್ತದೆ: "ನಮ್ಮ ಸಹೋದ್ಯೋಗಿಯೊಬ್ಬರು ಗುಣಮಟ್ಟದಲ್ಲಿ ರಾಜಿ ಮಾಡಿಕೊಳ್ಳದೆ ಸಮಯಪ್ರಜ್ಞೆ ಮೆರೆದು ಗ್ರಾಹಕರ ಸುರಕ್ಷತೆ ಕಾಪಾಡಿದರು." ಇದರಲ್ಲಿ ಸೂಜಿಯೇ ಇಲ್ಲ.

ಮೂರು ಮರುಪ್ರಶ್ನೆ ಹಾಕಿ ಸುಮ್ಮನೆ ಕೂತರೆ ಸಿಗುವುದು ಇದು:

"ಸಾಯಂಕಾಲ ನಾಲ್ಕೂ ಮುಕ್ಕಾಲು. ಗಂಟೆಗೆ 60 ಟಾರ್ಗೆಟ್ಟು, ನಂದು 41 ಆಗಿತ್ತು. ಟಕ್ ಅಂತು. ನೋಡ್ತೀನಿ, ತುದಿ ಇಲ್ಲ. ಮಡಿಲಲ್ಲಿ ನೋಡ್ದೆ, ಕಾಲ್ಕೆಳಗೆ ನೋಡ್ದೆ. ಪಕ್ಕದವಳು ಮೆಲ್ಲಗಂದ್ಲು, 'ನನ್ಹತ್ರ ಒಂದು ಸೂಜಿ ಇದೆ, ಹಾಕ್ಕೊಂಬಿಡು, ಯಾರಿಗ್ ಗೊತ್ತಾಗತ್ತೆ.' ಕೈ ಚಾಚ್ದೆ ಕೂಡ. ಆಮೇಲೆ ಶರ್ಟ್ ಸೈಜ್ ಕಣ್ಣಿಗೆ ಬಿತ್ತು, ನಾಲ್ಕು ವರ್ಷದ ಮಗೂದು. ಕಾಲರ್ ಅಂದ್ರೆ ಕತ್ತಿಗೆ ತಾಗೋದಲ್ವಾ. ಕೈ ಎತ್ತಿದೆ. ಲೈನ್ ನಿಂತೋಯ್ತು. ಅಯಸ್ಕಾಂತ ತಂದು ನೆಲ ಎಲ್ಲ ಆಡಿಸಿದ್ರು, ಸಿಗ್ಲಿಲ್ಲ. ಬಂಡಲ್ಲಿನ 20 ಪೀಸೂ ಡಿಟೆಕ್ಟರ್‌ಗೆ ಹಾಕಿದ್ರು. ಹದಿಮೂರನೇದು ಕೂಗ್ತು. ಎರಡು ಪದರದ ಮಧ್ಯ ಇತ್ತು. ಇಪ್ಪತ್ತೈದು ನಿಮಿಷ ಹೋಯ್ತು. ಬೋರ್ಡಲ್ಲಿ ಆ ಗಂಟೆಗೆ ನಂಬರ್ ಬರೀಲಿಲ್ಲ, 'ಸೂಜಿ' ಅಂತ ಬರ್ದು ಗೆರೆ ಎಳೆದ್ರು."

ಇದನ್ನು ಹೇಳಲು ಎರಡು ನಿಮಿಷ ಹಿಡಿಯುವುದಿಲ್ಲ. "ಕೈ ಚಾಚ್ದೆ ಕೂಡ" ಅನ್ನುವ ಮೂರು ಪದ ಕತೆಯ ಜೀವ. ತಾನೂ ತಪ್ಪು ದಾರಿ ಹಿಡಿಯುವುದರಲ್ಲಿದ್ದೆ ಅಂತ ಹೇಳಿದವರನ್ನು ಮಾತ್ರ ಜನ ನಂಬುತ್ತಾರೆ. ಆ ಪದಗಳನ್ನು ಮ್ಯಾನೇಜರ್ ಹೊಡೆದುಹಾಕಲು ಬಂದರೆ ಬಿಡಬೇಡಿ.

ಕೊನೆಯ ವಾಕ್ಯ ಇನ್ನೂ ದೊಡ್ಡದು. ಆ ಗಂಟೆಯ ಕೊರತೆಯನ್ನು ನಿಜವಾಗಿ ಆಕೆಯ ತಲೆಗೇ ಕಟ್ಟಿದ್ದರೆ ಈ ಕತೆಯನ್ನು ಹೇಳಲೇಬಾರದು. ಮೊದಲು ಲೆಕ್ಕದ ನಿಯಮ ಬದಲಿಸಿ, ಒಂದು ತಿಂಗಳು ನಡೆಸಿ ತೋರಿಸಿ, ಆಮೇಲೆ ಹೇಳಿ. ಈ ಕತೆ ಇನ್ನೊಂದು ಗುಟ್ಟನ್ನೂ ಬಯಲು ಮಾಡುತ್ತದೆ: ಪಕ್ಕದವಳ ಬಳಿ ಇರಬಾರದ ಸೂಜಿ ಇದೆ. ಯಾರು ಅಂತ ಹುಡುಕಲು ಹೋದಿರೋ, ಇನ್ನು ಹತ್ತು ವರ್ಷ ಯಾರೂ ಬಾಯಿ ಬಿಡುವುದಿಲ್ಲ. ಕತೆ ಹೇಳಿದ ದಿನವೇ ಸ್ಟೋರ್ ಪಕ್ಕ ಮುಚ್ಚಳಕ್ಕೆ ಕಿಂಡಿ ಕೊರೆದ ಒಂದು ಡಬ್ಬಿ ಇಡಿ. ಒಂದು ವಾರ ಯಾರು ಬೇಕಾದರೂ ಸೂಜಿ ಹಾಕಬಹುದು, ಹೆಸರಿಲ್ಲ, ಪ್ರಶ್ನೆಯಿಲ್ಲ. ಕತೆಯಿಂದ ಕೆಲಸ ಆಗುವುದು ಹೀಗೆ.

ಒಪ್ಪಿಗೆ

ಬರೆದದ್ದನ್ನು ಕತೆ ಕೊಟ್ಟವರಿಗೆ ಪೂರ್ತಿ ಓದಿ ಹೇಳಿ. ಮೂರು ವಿಷಯಕ್ಕೆ ಬೇರೆ ಬೇರೆ ಒಪ್ಪಿಗೆ ಪಡೆಯಿರಿ: ಕತೆ ಹೇಳಬಹುದೇ, ಹೆಸರು ಹಾಕಬಹುದೇ, ಫೋಟೊ ಅಥವಾ ವಿಡಿಯೊ ಬಳಸಬಹುದೇ. ಹೆಸರು ಬೇಡ ಅಂದರೆ ಕೆಲಸದ ಗುರುತು ಸಾಕು, "ಕಾಲರ್ ಟೇಲರ್". ಸಹಿ ಹಾಕಿಸುವ ಮೊದಲು ಒಂದು ರಾತ್ರಿ ಬಿಡಿ. ಎದುರಿಗೆ ನಿಂತು ಕೇಳಿದರೆ ಬೇಡ ಅನ್ನಲು ನಾಲಗೆ ಏಳುವುದಿಲ್ಲ, ಮನೆಗೆ ಹೋಗಿ ಯೋಚಿಸಿ ಬಂದವರ ಹೂಂ ನಿಜವಾದ ಹೂಂ. ಕತೆಯಲ್ಲಿ ಬರುವ ಇತರರನ್ನೂ ಕೇಳಬೇಕು, ಪಕ್ಕದವಳನ್ನು ಸೇರಿಸಿ; ಅವಳನ್ನು ಕತೆ ಕೊಟ್ಟವರೇ ಕೇಳಲಿ, ಹೆಸರು ನಿಮಗೆ ಬೇಡ.

ಮನೆಯ ಕಷ್ಟ, ಸಾಲ, ಕಾಯಿಲೆ, ಗಂಡನ ಕುಡಿತ, ಇವು ಮಾತಿನ ನಡುವೆ ತಾನಾಗಿ ಬರುತ್ತವೆ. ಕೇಳಿ, ಸಾಧ್ಯವಾದರೆ ನೆರವಾಗಿ, ವೇದಿಕೆಗೆ ತರಬೇಡಿ. ಕಣ್ಣೀರು ಬರಿಸಿದ್ದನ್ನು ಯಶಸ್ಸು ಅಂದುಕೊಳ್ಳುವವರು ಒಬ್ಬ ಮನುಷ್ಯನ ಮಾನವನ್ನು ಬಂಡವಾಳ ಮಾಡಿಕೊಳ್ಳುತ್ತಿದ್ದಾರೆ. ಲೈಂಗಿಕ ಕಿರುಕುಳದ ದೂರುಗಳನ್ನಂತೂ ಹೆಸರು ಬದಲಿಸಿಯೂ ಬಳಸಬೇಡಿ. ದೂರಿನ ವಿವರ, ದೂರುದಾರರ ಗುರುತು ಹೊರಗೆಡಹುವುದನ್ನು ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ 16ನೇ ಸೆಕ್ಷನ್ ನಿಷೇಧಿಸುತ್ತದೆ. 200 ಜನರ ಘಟಕದಲ್ಲಿ ಹೆಸರು ಬದಲಿಸಿದ ಮಾತ್ರಕ್ಕೆ ಗುರುತು ಮರೆಯಾಗುವುದೂ ಇಲ್ಲ.

ಹೇಳುವುದು: ತಾಳಮದ್ದಳೆಯ ಪಾಠ

ಆದಷ್ಟೂ ಕತೆ ಯಾರದೋ ಅವರೇ ಹೇಳಲಿ. ಬರೆದುಕೊಟ್ಟು ಓದಿಸಿದರೆ ಕೆಡುತ್ತದೆ, ಬಾಯಿಪಾಠ ಮಾಡಿಸಿದರೆ ಇನ್ನೂ ಕೆಡುತ್ತದೆ, ಒಂದು ಪದ ಮರೆತರೆ ಪೂರ್ತಿ ನಿಂತುಬಿಡುತ್ತಾರೆ. ಇದಕ್ಕೆ ನಮ್ಮಲ್ಲೇ ಒಂದು ಒಳ್ಳೆಯ ಪದ್ಧತಿ ಇದೆ. ವೇಷ, ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ ತಾಳಮದ್ದಳೆ. ಅದರಲ್ಲಿ ಪ್ರಸಂಗದ ಪದ್ಯ ಮೊದಲೇ ಗೊತ್ತಿರುತ್ತದೆ, ಪಾತ್ರವಾಗಿ ಮಾತಾಡುವ ಅರ್ಥಧಾರಿಯ ಮಾತು ಆ ಹೊತ್ತಿಗೆ ಹುಟ್ಟುತ್ತದೆ. ಹಾಗೆಯೇ ಒಂದು ಚೀಟಿಯಲ್ಲಿ ಐದು ಗುರುತು ಮಾತ್ರ ಬರೆದುಕೊಡಿ: ನಾಲ್ಕೂ ಮುಕ್ಕಾಲು, ಟಕ್, ಪಕ್ಕದವಳ ಮಾತು, ಹದಿಮೂರನೇ ಪೀಸು, ಬೋರ್ಡಿನ ಗೆರೆ. ನಡುವಿನ ಮಾತು ಅವರದು. ಹಿಂದಿನ ದಿನ ಇಬ್ಬರು ಗೆಳತಿಯರ ಮುಂದೆ ಎರಡು ಸಲ ಹೇಳಿಸಿ, ಮೂರನೆಯ ಸಲ ಬೇಡ, ಬಿಸಿ ಆರುತ್ತದೆ.

ಜಾಗದ ವಿಷಯ. ಮೆಷಿನ್ ಓಡುವಾಗ ಹೇಳಬೇಡಿ. ಪಾಳಿ ಶುರುವಿನ ಐದು ನಿಮಿಷ ಒಳ್ಳೆಯದು, ಮುಗಿಯುವ ಐದು ನಿಮಿಷ ದಂಡ. ಒಂದು ಸಲಕ್ಕೆ 25ರಿಂದ 30 ಜನ, ಅರ್ಧವೃತ್ತದಲ್ಲಿ, ಕೊನೆಯವರೂ ನಾಲ್ಕೈದು ಹೆಜ್ಜೆಯ ಒಳಗೆ. 300 ಜನರನ್ನು ಒಟ್ಟಿಗೆ ನಿಲ್ಲಿಸಿ ಮೈಕ್ ಕೊಡುವ ಬದಲು ಹತ್ತು ಲೈನಿಗೆ ಹತ್ತು ಸಲ ಹೇಳುವುದು ಮೇಲು. ಮೈಕ್ ಬಂತೆಂದರೆ ಆಡುಮಾತು ಓಡಿಹೋಗಿ ಭಾಷಣದ ಕನ್ನಡ ಬರುತ್ತದೆ. ಆಯುಧಪೂಜೆಯ ದಿನ ಮೆಷಿನ್ ತೊಳೆದು ಕುಂಕುಮ ಇಟ್ಟು ಎಲ್ಲರೂ ಬಿಡುವಾಗಿ ನಿಂತಿರುತ್ತಾರೆ. ಆ ಲೇತನ್ನು ಅಷ್ಟು ವರ್ಷ ನಡೆಸಿದ ಹಿರಿಯರಿಂದ ಅದರ ಕತೆ ಕೇಳಲು ವರ್ಷದಲ್ಲಿ ಅದಕ್ಕಿಂತ ಒಳ್ಳೆಯ ಗಳಿಗೆ ಇಲ್ಲ.

ಕತೆ ಮುಗಿದ ಮೇಲೆ ಮ್ಯಾನೇಜರ್ ಮುಂದೆ ಬಂದು "ಇದರಿಂದ ನಾವು ಕಲಿಯಬೇಕಾದ್ದೇನೆಂದರೆ" ಅನ್ನುವುದು ಈ ಇಡೀ ಕೆಲಸವನ್ನು ಹಾಳುಮಾಡುವ ಅತಿ ಸಾಮಾನ್ಯ ತಪ್ಪು. ಅವರು ಆಡಬೇಕಾದದ್ದು ಒಂದೇ ಮಾತು, ಅದೂ ಬದಲಾದ ನಿಯಮದ ಬಗ್ಗೆ: "ಸೂಜಿಗೆ ನಿಂತ ಸಮಯ ಇನ್ನು ಯಾರ ಲೆಕ್ಕಕ್ಕೂ ಇಲ್ಲ."

ಭಾಷೆ

ಬೆಂಗಳೂರಿನ ಒಂದೇ ಲೈನಿನಲ್ಲಿ ರಾಯಚೂರು, ಕನಕಪುರ, ಒಡಿಶಾ, ಬಿಹಾರದವರು ಅಕ್ಕಪಕ್ಕ ಕೂತಿರುತ್ತಾರೆ. ಉತ್ತರ ಕರ್ನಾಟಕದವರ "ಮಾಡೀನ್ರಿ" ಅನ್ನುವುದನ್ನು "ಮಾಡಿದ್ದೇನೆ" ಅಂತ ತಿದ್ದಬೇಡಿ. ತಿದ್ದಿದರೆ ಕತೆ ಅವರದಾಗಿ ಉಳಿಯುವುದಿಲ್ಲ. ಕನ್ನಡ ಬಾರದವರು ಹೆಚ್ಚಿರುವ ಕಡೆ ವಾಕ್ಯಕ್ಕೊಂದು ಅನುವಾದ ಬೇಡ, ಲಯ ಮುರಿಯುತ್ತದೆ. ಮೊದಲು ಪೂರ್ತಿ ಕತೆ ಹೇಳುವವರ ಭಾಷೆಯಲ್ಲಿ, ನಂತರ ಕೇಳುಗರ ಭಾಷೆ ಬಲ್ಲ ಜೊತೆಗಾರರೊಬ್ಬರಿಂದ ಒಂದೂವರೆ ನಿಮಿಷದ ಸಾರ. ಒಡಿಯಾ ಹುಡುಗಿಯರ ಕತೆ ಬಂದ ದಿನ ಇದು ತಿರುವುಮುರುವಾಗಲಿ. ತನ್ನ ಭಾಷೆಯಲ್ಲಿ ಹೇಳಲು ಜಾಗ ಸಿಕ್ಕಿದವರು ಆ ಜಾಗವನ್ನು ತಮ್ಮದು ಅಂದುಕೊಳ್ಳುತ್ತಾರೆ.

ಸಾಫ್ಟ್‌ವೇರ್ ಕಚೇರಿಗೆ ಎರಡೇ ಬದಲಾವಣೆ. ಅಲ್ಲಿ ಒಳ್ಳೆಯ ಕತೆಗಳು ಸರ್ವರ್ ಬಿದ್ದ ರಾತ್ರಿಯ ವರದಿಗಳಲ್ಲಿ ಹೂತಿರುತ್ತವೆ. ವರದಿಯಲ್ಲಿ ಏನು ಕೆಟ್ಟಿತು ಅಂತ ಇರುತ್ತದೆ, "ಆ ಬಟನ್ ಒತ್ತುವ ಮೊದಲು ನಿಮಗೆ ಅನುಮಾನ ಬಂದಿತ್ತೇ, ಬಂದರೂ ಯಾಕೆ ಹೇಳಲಿಲ್ಲ?" ಅನ್ನುವುದು ಇರುವುದಿಲ್ಲ. ಅದನ್ನು ಕೇಳಿ. ಎರಡನೆಯದು, ಅರ್ಧ ಜನ ಮನೆಯಿಂದ ವಿಡಿಯೊ ಕರೆಯಲ್ಲಿ ಇರುವುದರಿಂದ ಸ್ಲೈಡ್ ಹಂಚಬೇಡಿ, ಹೇಳುವವರ ಮುಖವೇ ಪರದೆ ತುಂಬಿರಲಿ, ರೆಕಾರ್ಡಿಂಗ್ ಬಂದ್ ಆಗಿರಲಿ. ಕೆಂಪು ಚುಕ್ಕೆ ಕಂಡರೆ ತಪ್ಪು ಒಪ್ಪಿಕೊಳ್ಳುವ ಧೈರ್ಯ ಯಾರಿಗೂ ಬರುವುದಿಲ್ಲ.

ನಾಟಿತೋ ಇಲ್ಲವೋ

ಮೂರು ದಿನ ಬಿಟ್ಟು ಚಹಾ ಬಿಡುವಿನಲ್ಲಿ ಐದು ಜನರನ್ನು ಕೇಳಿ: "ಮೊನ್ನೆ ಏನು ಹೇಳಿದ್ರು?" "ಚೆನ್ನಾಗಿ ಮಾತಾಡಿದ್ರು" ಅಂದರೆ ನಾಟಿಲ್ಲ. "ಪಕ್ಕದವಳು ಸೂಜಿ ಕೊಡೋಕೆ ಬಂದ್ಲಂತೆ" ಅಂತ ಆಯ್ಕೆಯ ಗಳಿಗೆಯನ್ನೇ ಹಿಡಿದು ಹೇಳಿದರೆ ನಾಟಿದೆ. ಐವರಲ್ಲಿ ಮೂವರು ಹಾಗೆ ಹೇಳಿದರೆ ಮುಂದಿನ ಕತೆಗೆ ಹೋಗಿ.

ಜೊತೆಗೆ ಮೊದಲು ಬರೆದ ಆ ಒಂದು ಸಾಲಿನ ನಡವಳಿಕೆಯನ್ನು ಎಣಿಸಿ. ಕತೆಗೆ ಮೊದಲಿನ ನಾಲ್ಕು ವಾರ ರಿಜಿಸ್ಟರ್‌ನಲ್ಲಿ ಎಷ್ಟು ಸೂಜಿ ದಾಖಲಾಗಿತ್ತು, ನಂತರದ ನಾಲ್ಕು ವಾರ ಎಷ್ಟು? ಸಂಖ್ಯೆ ಏರುತ್ತದೆ, ಆಗ ಮೇಲಿನವರು ಗಾಬರಿಯಾಗುತ್ತಾರೆ. ಸೂಜಿ ಹೆಚ್ಚು ಮುರಿಯುತ್ತಿಲ್ಲ, ಮುಚ್ಚಿಡುವುದು ನಿಂತಿದೆ, ಅಂತ ಅವರಿಗೆ ಮೊದಲೇ ತಿಳಿಸಿಡಿ. ಇಲ್ಲದಿದ್ದರೆ ಸಂಖ್ಯೆ ಇಳಿಸಿ ಅನ್ನುವ ಆದೇಶ ಬಂದು ಎಲ್ಲ ಮೊದಲಿನಂತಾಗುತ್ತದೆ.

ತಿಂಗಳಿಗೆ ಒಂದು ಕತೆ ಸಾಕು, ಎರಡು ಬಹಳ. ಒಂದೇ ವಿಭಾಗದಿಂದ ಸತತ ಎರಡು ಬೇಡ, ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಸೂಪರ್‌ವೈಸರ್ ಮೇಲ್ಪಟ್ಟವರದ್ದು ಬೇಡ. ಎಲ್ಲವನ್ನೂ ಒಂದು ರಿಜಿಸ್ಟರ್‌ನಲ್ಲಿಡಿ: ದಿನಾಂಕ, ಯಾರದು, ಯಾವ ಯಾವುದಕ್ಕೆ ಒಪ್ಪಿಗೆ, ಎಲ್ಲೆಲ್ಲಿ ಹೇಳಲಾಯಿತು, ಅದರಿಂದ ಬದಲಾದ ನಿಯಮ ಯಾವುದು. ಕೊನೆಯ ಅಂಕಣ ಖಾಲಿ ಇರುವ ಕತೆಯನ್ನು ಎರಡನೆಯ ಸಲ ಹೇಳಬೇಡಿ. ಕತೆ ಕೊಟ್ಟವರು ಕೆಲಸ ಬಿಟ್ಟರೆ ಫೋನ್ ಮಾಡಿ ಮತ್ತೊಮ್ಮೆ ಒಪ್ಪಿಗೆ ಕೇಳಿ. ಬೇಡ ಅಂದರೆ ಆ ಸಾಲಿಗೆ ಗೆರೆ ಎಳೆದು ಅಂದಿನ ದಿನಾಂಕ ಹಾಕಿ.